ಬೇಕರಿ ಸಿನಿಮಾ ಮತ್ತು ನಮ್ಮ ಭಾವ

ಕೊನೆ ಏನೆಂದು ಬಾಯಿಪಾಠವಾಗಿರುವ ಸಿನಿಮಾವನ್ನು ಉಸಿರು ಬಿಗಿಹಿಡಿದು ನೋಡುವ ಮನುಷ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಂಡದ್ದು ನಮ್ಮ ಭಾವನವರನ್ನು ಮಾತ್ರ. ಪಾತ್ರಗಳ ಒಂದೊಂದು ಮಾತೂ ಅವರ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೂ ಕಥೆ ಇಕ್ಕಟ್ಟಿಗೆ ಬಂತೆಂದರೆ ಕಾಲ್ಬೆರಳುಗಳು ಮಡಚಿಕೊಳ್ಳುತ್ತವೆ, ಕೈ ಕುರ್ಚಿಯ ತೋಳನ್ನು ಹುಡುಕುತ್ತದೆ. ಎಲ್ಲ ಸುಸೂತ್ರವಾಗಿ ಮುಗಿದಾಗ, ತುಂಬಿದ ಹೊಳೆಯನ್ನು ತಾವೇ ದಾಟಿ ಬಂದವರಂತೆ ಒಂದು ನಿಟ್ಟುಸಿರು ಬಿಟ್ಟು, "ಸದ್ಯ, ಈ ಸಲಾನೂ ಪಾರಾದ" ಎನ್ನುತ್ತಾರೆ.

ಅವರ ಕಸುಬು ಲಿಫ್ಟ್ ರಿಪೇರಿ. ಆ ಕೆಲಸ ಅವರ ನಡಿಗೆಯನ್ನೇ ತಿದ್ದಿಬಿಟ್ಟಿದೆ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ನೆಲದ ಕೆಳಗೆ ಯಾವುದೋ ಮೋಟಾರು ಮುಲುಗುತ್ತಿದೆಯೇನೋ ಎಂಬಂತೆ ಆಲಿಸುತ್ತಾ, ಮೆಲ್ಲಗೆ ಹೆಜ್ಜೆ ಇಡುತ್ತಾರೆ. ಕೆಲಸಕ್ಕೆ ಹೊರಟರೆ ಮೈಮೇಲೆ ಯಾವಾಗಲೂ ಕಂದು ಬಣ್ಣದ ದಪ್ಪ ಕೋಟು. ಅದರ ಜೇಬುಗಳಲ್ಲಿ ಸ್ಕ್ರೂ, ವಾಷರು, ಗ್ರೀಸು ಹತ್ತಿದ ಬಟ್ಟೆ, ಮತ್ತು ಯಾಕೆಂದು ಯಾರಿಗೂ ಗೊತ್ತಿಲ್ಲದ ಒಂದು ಬಾಚಣಿಗೆ. ತಲೆಯಲ್ಲಿ ಕೂದಲು ಹೋಗಿ ಯಾವ ಕಾಲವಾಯಿತೋ. ಮಾತಿನಲ್ಲಿ 'ಸದ್ಯಕ್ಕೆ' ಎಂಬ ಪದ ಉಪ್ಪಿನಂತೆ ಬೆರೆತಿರುತ್ತದೆ. ಆರೋಗ್ಯವೇ ಎಂದರೆ ಸದ್ಯಕ್ಕೆ ಚೆನ್ನಾಗಿದ್ದೀನಿ, ಊಟ ಹೇಗಿತ್ತು ಎಂದರೆ ಸದ್ಯಕ್ಕೆ ಚೆನ್ನಾಗಿತ್ತು. "ಮದುವೆ ಆದಾಗಿಂದ ನಾನೂ ಇವರಿಗೆ ಸದ್ಯದ ಹೆಂಡ್ತೀನೇ ಕಣೇ" ಎಂದು ನನ್ನಕ್ಕ ಬಂದವರೆದುರು ಹೇಳಿ ನಗಿಸುತ್ತಾಳೆ.

ಅವರಿಗೆ ಇಷ್ಟವಾದ ಸಿನಿಮಾಗಳು ಬೆರಳೆಣಿಕೆಯವು. ಅವುಗಳ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾವತ್ತೋ ಅಳಿಸಿಹೋಗಿದೆ. ಒಂದು 'ಅಜ್ಜಿ ಓಡಿಹೋಗೋದು', ಇನ್ನೊಂದು 'ಸುಳ್ಳು ಡಾಕ್ಟರು'. ಎಲ್ಲಕ್ಕಿಂತ ಮೇಲಿನದು 'ಬೇಕರಿ'. ಒಂದೇ ಬೀದಿಯಲ್ಲಿ ಎದುರುಬದುರು ಬೇಕರಿ ಇಟ್ಟುಕೊಂಡು ಮಾತು ಬಿಟ್ಟ ಅಣ್ಣ ತಮ್ಮಂದಿರ ಕಥೆ ಅದು. ಕೊನೆಯಲ್ಲಿ ತಮ್ಮ ಸುರಿಯುವ ಮಳೆಯಲ್ಲಿ ಬೀದಿ ದಾಟಿ ಬಂದು ಅಣ್ಣನ ಬಾಗಿಲು ತಟ್ಟುತ್ತಾನೆ. ಒಳಗೆ ಅಣ್ಣ ಹಿಟ್ಟಿನ ಕೈಯಲ್ಲಿ ಸುಮ್ಮನೆ ನಿಂತಿರುತ್ತಾನೆ. ಆ ಹೊತ್ತಿಗೆ ಭಾವ ಕುರ್ಚಿಯ ಅಂಚಿಗೆ ಸರಿದು, "ತೆಗಿಯಪ್ಪಾ, ನಿನ್ ದಮ್ಮಯ್ಯ, ಬಾಗಿಲು ತೆಗಿ" ಎಂದು ಪಿಸುಗುಡುತ್ತಾರೆ. ಅಣ್ಣ ಬಾಗಿಲು ತೆಗೆಯುತ್ತಾನೆ. ಎಂದೂ ತೆಗೆಯದೆ ಇದ್ದವನಲ್ಲ.

"ನೂರು ಸಲ ತೆಗೆದಿದಾನಲ್ಲ ಭಾವ, ಇನ್ನೂ ಯಾಕೆ ಭಯ?" ಎಂದು ಒಮ್ಮೆ ಕೇಳಿದ್ದೆ.

"ನಿನ್ನೆ ಮೇಲೆ ಹೋದ ಲಿಫ್ಟು ಇವತ್ತೂ ಹೋಗುತ್ತೆ ಅಂತ ಯಾರು ಬರ್ಕೊಟ್ಟಿದಾರಮ್ಮ?" ಎಂದರು.

ನಾನು ನಗಲಿಲ್ಲ. ಬೆಳಗೂ ಬೈಗೂ ಅದೇ ಪ್ರಾರ್ಥನೆಯನ್ನು ಅದೇ ಮಾತುಗಳಲ್ಲಿ ಹೇಳಿಕೊಳ್ಳುವ ನನಗೆ ಅವರನ್ನು ನೋಡಿ ನಗುವ ಬಾಯಿಯಾದರೂ ಎಲ್ಲಿದೆ?

ಹೀಗಿರುವಾಗ ಅಕ್ಕನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಡಾಕ್ಟರಮ್ಮ ಮುಟ್ಟಿ ನೋಡಿ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟ ಗಂಟೋ ಅಲ್ಲವೋ ಎಂದು ತಿಳಿಯಲು ವಾರ ಕಾಯಬೇಕು ಎಂದರು. ಅಂದಿನಿಂದ ಭಾವ ಮನೆಯ ಬಾಗಿಲು, ಕಿಟಕಿ, ನಲ್ಲಿಗಳನ್ನೆಲ್ಲ ಬಿಚ್ಚಿ ಮತ್ತೆ ಕೂಡಿಸತೊಡಗಿದರು. ಕಿರುಗುಟ್ಟದ ಕದಕ್ಕೂ ಎಣ್ಣೆ ಬಿತ್ತು. ವಾರ ಕಳೆಯುವ ಮುನ್ನಾದಿನ ಭಾನುವಾರ. ಮಧ್ಯಾಹ್ನ ಅಕ್ಕ ಕಾಲು ಚಾಚಿ ಕುಳಿತು, "ಬೇಕರಿ ಹಾಕ್ರೀ, ನೋಡೋಣ" ಎಂದಳು.

"ಡಿವಿಡಿ ಪ್ಲೇಯರ್ ಕೆಟ್ಟಿದೆ" ಎಂದರು ಭಾವ.

"ಊರಿನ ಲಿಫ್ಟೆಲ್ಲ ಎತ್ತಿ ಇಳಿಸೋ ಮನುಷ್ಯನ ಮನೇಲಿ ಒಂದು ಡಬ್ಬ ಕೆಟ್ಟು ಕೂತಿದೆಯಂತೆ! ಕೇಳಿದ್ಯೇನೇ?" ಎಂದು ಅಕ್ಕ ನನ್ನತ್ತ ತಿರುಗಿದಳು. ಆಮೇಲೆ ಎದ್ದು, ಗೂಟಕ್ಕೆ ನೇತುಹಾಕಿದ್ದ ಕೋಟಿನ ಜೇಬಿಗೆ ಸಲೀಸಾಗಿ ಕೈ ಹಾಕಿ, ಪ್ಲೇಯರಿನ ಫ್ಯೂಸನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. "ಸುಳ್ಳು ಹೇಳೋಕೂ ಬರಲ್ಲ ನಿಮಗೆ."

ಭಾವ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತರು. ನಾನು ಲೋಟಗಳನ್ನು ಒರೆಸುತ್ತಿದ್ದೆ. "ಈ ಸಲ ಅವನು ಬಾಗಿಲು ತೆಗೀಲಿಲ್ಲ ಅಂದ್ರೆ?" ಎಂದರು. ಹುಚ್ಚು ಮಾತೆನ್ನಬಹುದಿತ್ತು. ಆದರೆ ಅವರು ಒರೆಸಿಟ್ಟ ಲೋಟವನ್ನೇ ಎತ್ತಿಕೊಂಡು ಮತ್ತೆ ಒರೆಸತೊಡಗಿದ್ದರು. ನಾನು ಒಂದು ಲೋಟ ನೀರು ಕೊಟ್ಟೆ, ಅಷ್ಟೆ.

ಮಾತು ಅಕ್ಕನಿಗೆ ಕೇಳಿಸಿತ್ತು. "ತೆಗೀಲಿಲ್ಲ ಅಂದ್ರೆ ಇಬ್ಬರೂ ಜೊತೇಲೇ ನೋಡಿರ್ತೀವಲ್ಲ. ಬನ್ನಿ ಇಲ್ಲಿ" ಎಂದು ಹೊರಗಿನಿಂದಲೇ ಹೇಳಿದಳು. ಆ ದನಿಯಲ್ಲಿ ನಗು ಇರಲಿಲ್ಲ.

ಸಿನಿಮಾ ಓಡಿತು. ನಗುವಲ್ಲಿ ಅಕ್ಕ ನಕ್ಕಳು. ಭಾವ ಅಂಗಿಯ ಗುಂಡಿ ತಿರುಚುತ್ತಾ ಕೂತರು. ತಮ್ಮ ಮಳೆಯಲ್ಲಿ ಬೀದಿ ದಾಟಿದ, ಕೈ ಎತ್ತಿ ಬಾಗಿಲು ತಟ್ಟಿದ. ಅಷ್ಟರಲ್ಲಿ ಭಾವ ರಿಮೋಟು ಒತ್ತಿಬಿಟ್ಟರು. ತಮ್ಮ ಎತ್ತಿದ ಕೈ ಎತ್ತಿದಂತೆಯೇ, ಮುಚ್ಚಿದ ಬಾಗಿಲ ಮುಂದೆ ಕಲ್ಲಾಗಿ ನಿಂತ.

"ಉಳಿದದ್ದು ನಾಳೆ" ಎಂದರು ಭಾವ. "ಆಸ್ಪತ್ರೆಯಿಂದ ಬಂದ್ಮೇಲೆ."

"ಪಾಪ ರೀ, ಅಲ್ಲೀ ತನಕ ಅವನು ಮಳೇಲಿ ನೆನೀತಾ ನಿಂತಿರ್ಬೇಕಾ?"

"ನಿಂತಿರ್ಲಿ. ಬಾಗಿಲು ಮುಚ್ಚಿದೆ ನಿಜ, ಆದರೆ ತೆಗೆಯಲ್ಲ ಅಂತ ಇನ್ನೂ ಯಾರೂ ಹೇಳಿಲ್ಲವಲ್ಲ."

ಅಕ್ಕ ಅವರ ಕೈಯಿಂದ ರಿಮೋಟನ್ನು ಬಿಡಿಸಿ ಪಕ್ಕಕ್ಕಿಟ್ಟು, ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಮರುದಿನ ಬೆಳಗ್ಗೆ ಮೂವರೂ ಡಾಕ್ಟರಮ್ಮನ ಕೋಣೆಯಲ್ಲಿ ಕುಳಿತೆವು. ಅವರು ಕಾಗದ ನೋಡಿ, ಕನ್ನಡಕ ತೆಗೆದು, "ಕೆಟ್ಟದ್ದೇನಿಲ್ಲ. ಸಾದಾ ಗಂಟು. ಅದರ ಪಾಡಿಗೆ ಅದು ಇರುತ್ತೆ, ಭಯಪಡಬೇಡಿ" ಎಂದರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೈ ಮುಗಿದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಭಾವ ಮಾತ್ರ ಕುರ್ಚಿಯ ಅಂಚಿಗೆ ಸರಿದು, "ಇನ್ನೊಂದ್ಸಲ ಹೇಳ್ತೀರಾ ಡಾಕ್ಟ್ರೇ?" ಎಂದರು.

ಡಾಕ್ಟರಮ್ಮ ಹೇಳಿದರು.

ಭಾವ ಮತ್ತೆ ಉಸಿರು ಬಿಗಿಹಿಡಿದರು. "ದಯವಿಟ್ಟು ಮತ್ತೊಂದ್ಸಲ."

ಕೆಲಸದ ಒತ್ತಡದ ಹೆಂಗಸು, ಹೊರಗೆ ಬೆಂಚಿನ ತುಂಬ ಜನ, ಸಿಡುಕಿದ್ದರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆಕೆ ಭಾವನ ಮುಖವನ್ನೇ ನೋಡಿ, ಮೊದಲ ಸಲ ಹೇಳುವಷ್ಟೇ ನಿಧಾನವಾಗಿ, ಅದೇ ಮಾತುಗಳಲ್ಲಿ, ಮತ್ತೊಮ್ಮೆ ಹೇಳಿದರು. ಆಗ ಭಾವನ ಎದೆಯಿಂದ ಹೊರಟ ಉಸಿರಿಗೆ ಮೇಜಿನ ಮೇಲಿನ ಕಾಗದ ಅಲುಗಿತು. ಎದ್ದು ನಿಂತು, ಅಲುಗಿದ ಕಾಗದವನ್ನು ನೇರ ಮಾಡಿಟ್ಟರು. ಅಕ್ಕ ಅವರ ತೋಳು ಹಿಡಿದು, "ನಡೀರಿ, ಮಳೇಲಿ ಒಬ್ಬ ನಿಂತಿದಾನೆ" ಎಂದಳು. ಡಾಕ್ಟರಮ್ಮ, ಏನೂ ಅರ್ಥವಾಗದಿದ್ದರೂ, ನಕ್ಕರು.

ನೋಡಿದ್ದನ್ನೇ ನೋಡುವವರನ್ನು, ಕೇಳಿದ್ದನ್ನೇ ಕೇಳುವವರನ್ನು ಲೋಕ ಹೊಸತಕ್ಕೆ ಹೆದರುವ ಜಡರೆಂದು ತಿಳಿಯುತ್ತದೆ. ನನಗೆ ಹಾಗನ್ನಿಸುವುದಿಲ್ಲ. ನಿನ್ನೆ ದೊರೆತದ್ದು ಇಂದೂ ನಮ್ಮ ಹಕ್ಕೆಂದು ನಂಬಿ ನಾವೆಲ್ಲ ತಿರುಗಿಯೂ ನೋಡದೆ ನಡೆದುಬಿಡುತ್ತೇವೆ. ಅಂಥವರು ಹಾಗಲ್ಲ. ಒಳಿತು ಎಷ್ಟು ಸಲ ಬಂದರೂ ಅದು ಬಾರದೆಯೂ ಇರಬಹುದಿತ್ತೆಂಬುದನ್ನು ಅವರು ಮರೆಯುವುದಿಲ್ಲ. ಆದ್ದರಿಂದ ಅವರ ಪಾಲಿನ ಭಯ ನಮಗಿಂತ ಹೆಚ್ಚು. ಅದು ಕಳೆದಾಗ ಅವರಿಗೆ ಸಿಗುವ ನೆಮ್ಮದಿಯೂ ಹಾಗೆಯೇ, ನಮಗೆ ಸಿಗುವುದಕ್ಕಿಂತ ಎಷ್ಟೋ ಪಾಲು ದೊಡ್ಡದು.