ದಾರ ಕಟ್ಟಿದ ಲೋಟ

ಭಾವ ಕೆಲಸ ಮಾಡುವ ಹೋಟೆಲಿನಿಂದ ಖಾಲಿ ಸೋಡಾ ಬಾಟಲಿಗಳು ಮನೆಗೆ ಬರುತ್ತವೆ. ಅವುಗಳ ಕುತ್ತಿಗೆ ಕತ್ತರಿಸಿ ಲೋಟ ಮಾಡುವುದು ನನ್ನ ಕೆಲಸ. ಸ್ಪಿರಿಟ್‌ನಲ್ಲಿ ನೆನೆಸಿದ ದಾರ ಸುತ್ತಿ, ಬೆಂಕಿ ತಾಗಿಸಿ, ತಣ್ಣೀರಿಗೆ ಅದ್ದಿದರೆ ಟಿಕ್ ಎಂದು ಎರಡಾಗುತ್ತದೆ. ಆಮೇಲೆ ಅಂಚನ್ನು ಮರಳುಕಾಗದದ ಮೇಲೆ ಉಜ್ಜಬೇಕು. ಉಜ್ಜದ ಅಂಚು ನೋಡಲು ನಯವೇ, ಮುಟ್ಟಿದರೆ ಬ್ಲೇಡು. ಗುರುತಿಗೆಂದು ಅಂಥ ಲೋಟದ ಸೊಂಟಕ್ಕೆ ಬಿಳಿ ದಾರ ಕಟ್ಟಿಡುತ್ತೇನೆ.

ಅವತ್ತು ಕಿಟಕಿಯಲ್ಲಿಟ್ಟಿದ್ದ ದಾರದ ಲೋಟ ಕಾಣಲಿಲ್ಲ.

“ಅಕ್ಕಾ, ಇಲ್ಲೊಂದು ಲೋಟ ಇತ್ತಲ್ಲ?”

“ನೀರಲ್ಲಿ ಅಲುಬಿ ಒಳಗಿಟ್ಟೆ ಕಣೇ. ಅದಕ್ಯಾಕೆ ಬೆಲ್ಟ್ ಕಟ್ಟಿದ್ದೆ, ಸ್ಕೂಲಿಗೆ ಕಳಿಸ್ತಿದ್ಯಾ? ಕಿತ್ತು ಬಿಸಾಕಿದೆ.”

ಕಪಾಟಿನಲ್ಲಿ ಲೋಟಗಳು ಸಾಲಾಗಿ ಬೋರಲಾಗಿದ್ದವು. ಒಂದೊಂದರ ಅಂಚಿಗೂ ಬೆರಳು ಸವರಿದೆ. ಎಲ್ಲವೂ ನಯ. ಸಾಲಿನ ಕೊನೆಯಲ್ಲಿ ನೀರಿನ ಉಂಗುರವೊಂದು ಮಾತ್ರ ಉಳಿದಿತ್ತು.

“ಪುಟ್ಟಿ ಎಲ್ಲಿ?”

“ಏನು ಗೊಣಗ್ತೀಯ? ನಿನ್ನ ದನಿ ಕೇಳೋಕೆ ಟಿಕೆಟ್ ತಗೋಬೇಕಾ? ಹಾಲು ಕೊಟ್ಟಿದೀನಿ, ಹಿತ್ತಿಲಲ್ಲಿ ಕೂತಿದಾಳೆ.”

ಹಿತ್ತಿಲ ಬಾಗಿಲಿಗೆ ಓಡಿದೆ. ಅಕ್ಕನ ಮಗಳು ಪುಟ್ಟಿಗೆ ಲೋಟ ಕಚ್ಚುವ ಚಾಳಿ. ಹಾಲು ಮುಗಿದ ಮೇಲೂ ಅಂಚು ಕಚ್ಚಿಕೊಂಡೇ ಇರುತ್ತಾಳೆ.

ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು, ಆರಲೆಂದು ಉಫ್ ಉಫ್ ಊದುತ್ತಿದ್ದಳು. ಕೂಗಲು ಬಾಯಿ ತೆರೆದೆ, ಮುಚ್ಚಿದೆ. ಕೂಗಿದರೆ ಬೆಚ್ಚಿ ಕಚ್ಚುತ್ತಾಳೆ. ಕಿತ್ತುಕೊಂಡರೆ ಅಂಚು ಅವಳ ತುಟಿಯನ್ನೇ ಸೀಳುತ್ತದೆ. ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತೆ.

“ಚಿಕ್ಕಮ್ಮ, ನಿಂಗೆ ಕೊಡಲ್ಲ!” ಎನ್ನುತ್ತ ಅವಳು ಲೋಟ ಎತ್ತಿಯೇಬಿಟ್ಟಳು.

“ಬೇಡಮ್ಮ. ಹಾಲಿನ ಮೀಸೆ ಎಲ್ಲಿ ಬರುತ್ತೆ ನೋಡ್ತೀನಿ, ಅಷ್ಟೇ,” ಎಂದು ಅವಳ ತುಟಿಗೂ ಅಂಚಿಗೂ ನಡುವೆ ತೋರುಬೆರಳು ತೂರಿಸಿದೆ.

ಪುಟ್ಟಿ ಕಚ್ಚಿದಳು. ಕಚ್ಚಿಕೊಂಡೇ ಕಿಲಕಿಲ ನಕ್ಕಳು. ಬೆರಳಿನ ಇನ್ನೊಂದು ಬದಿಯಲ್ಲಿ ಲೋಟದ ಅಂಚು ಚರ್ಮದೊಳಕ್ಕೆ ಇಳಿಯಿತು. ನಾನು ಬೆರಳು ಕದಲಿಸಲಿಲ್ಲ. ಅವಳ ಹಲ್ಲು ಸಡಿಲವಾದಾಗ ಇನ್ನೊಂದು ಕೈಯಿಂದ ಲೋಟ ತೆಗೆದು ದೂರ ಇಟ್ಟೆ. ಹಾಲಿನಲ್ಲಿ ಕೆಂಪು ಎಳೆಯೊಂದು ಬಿಚ್ಚಿಕೊಳ್ಳುತ್ತಿತ್ತು.

“ಅಯ್ಯೋ, ರಕ್ತ ಬರೋ ಹಾಗೆ ಕಚ್ಚಿದಳಾ ರಾಕ್ಷಸಿ?” ಎಂದು ನಗುತ್ತಲೇ ಅಕ್ಕ ಬಂದಳು.

ಬೆರಳು ಚಾಚಿದೆ. ಒಂದು ಕಡೆ ಅಕ್ಕಿಕಾಳಿನಷ್ಟು ಹಲ್ಲಿನ ಗುರುತು. ತಿರುಗಿಸಿ ಇನ್ನೊಂದು ಕಡೆ ತೋರಿಸಿದೆ. ಆಮೇಲೆ ಲೋಟ ತೋರಿಸಿದೆ.

ಅಕ್ಕ ಮಗಳನ್ನು ಬಾಚಿಕೊಂಡು, ಬಾಯಿ ಅಗಲಿಸಿ, ನಾಲಿಗೆ ಎತ್ತಿಸಿ ಮತ್ತೆ ಮತ್ತೆ ಇಣುಕಿದಳು.

“ಚಿಕ್ಕಮ್ಮನ ಬೆರಳು ಉಪ್ಪುಪ್ಪು,” ಅಂದಳು ಪುಟ್ಟಿ.