ಲೇಸರ್ ಕಣ್ಣಿಗೆ ಕಾಣದ ಪಾಕ

ವಿಘ್ನೇಶ್ವರ ಭಟ್ಟನಿಗೆ ಯಾವ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸವಿರಲಿಲ್ಲ. ಎದುರಿನವರು ಅರ್ಧ ಹೇಳುವಷ್ಟರಲ್ಲಿ "ಹ್ಞಾ, ಗೊತ್ತಾತು" ಎಂದುಬಿಡುತ್ತಿದ್ದ. ಅವನನ್ನು ಕಟ್ಟಿಕೊಂಡು ಇಪ್ಪತ್ತು ವರ್ಷ ಏಗಿದ ಪರಿಮಳಾಗೆ ಇದು ಹೊಸತೇನಲ್ಲ. ಆದರೆ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಎದುರಿಗೂ ಅವನು ಅದನ್ನೇ ಮಾಡಿದಾಗ ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಭಟ್ಟ ಶಿರಸಿ, ಸಿದ್ದಾಪುರದ ಕಡೆ ಹೆಸರು ಮಾಡಿದ ಅಡಿಗೆಯವ. ಅದರಲ್ಲೂ ಅವನ ಬೂಂದಿ ಲಾಡು ಎಂದರೆ ಜನ ಊಟದ ಎಲೆಯ ಮುಂದೆ ಇನ್ನೊಂದು ಗಳಿಗೆ ಹೆಚ್ಚು ಕೂರುತ್ತಿದ್ದರು. ಚಿಕ್ಕಂದಿನಿಂದಲೂ ದಪ್ಪ ಕನ್ನಡಕ. ಕೊಪ್ಪರಿಗೆಯ ಮುಚ್ಚಳ ತೆಗೆದನೆಂದರೆ ಉಗಿ ಹಿಡಿದು ಗಾಜು ಮಬ್ಬಾಗುತ್ತಿತ್ತು. ಆ ವರ್ಷ ಸಿದ್ದಾಪುರದ ಒಂದು ಮದುವೆಯಲ್ಲಂತೂ ಬೆವರಿಗೆ ಜಾರಿದ ಕನ್ನಡಕ ಸೀದಾ ಹುಳಿಯ ಕೊಪ್ಪರಿಗೆಗೇ ಬಿತ್ತು. ಹೆಣ್ಣಿನ ಕಡೆಯ ನಾಲ್ಕು ಜನರ ಎದುರು ಜಾಲರಿ ಸೌಟು ಹಾಕಿ ತೆಗೆಯಬೇಕಾಯಿತು. ಮರುದಿನವೇ ಭಟ್ಟ ಕನ್ನಡಕ ಬಿಡಲು ಕಣ್ಣಿಗೆ ಲೇಸರ್ ಮಾಡಿಸುವುದೇ ಸೈ ಎಂದು ಹಟ ಹಿಡಿದ.

ಡಾಕ್ಟರು ಕಣ್ಣಿನ ಕಾರ್ನಿಯಾದ ದಪ್ಪ ಅಳೆದರು, ಕಣ್ಣಿಗೆ ಔಷಧಿ ಬಿಟ್ಟು ಒಳಗೆಲ್ಲ ನೋಡಿದರು, ನಂಬರು ಈಚೆಗೆ ಬದಲಾಗಿದೆಯೇ ಎಂದು ಕೇಳಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ನೋಡ್ರಿ ಭಟ್ರ, ಕೆಲವು ದಿನ ಕಣ್ಣು ಒಣಗಿದಂಗ ಆಗ್ತದ. ರಾತ್ರಿ ದೀಪದ ಸುತ್ತ ಉಂಗುರ ಕಂಡಂಗ ಆಗಬಹುದು. ಹೊಗಿ, ಉಗಿ ಹತ್ರ ಸದ್ಯ ಹೋಗಬ್ಯಾಡ್ರಿ. ಇನ್ನೊಂದು ಮುಖ್ಯ ಮಾತು. ನಿಮಗ ನಲವತ್ತು ದಾಟೇದ. ದೂರದ್ದು ಚಲೋ ಕಾಣ್ತದ, ಆದ್ರ ಹತ್ತರದ್ದಕ್ಕ ಚಷ್ಮಾ ಬೇಕಾಗ್ತದ್ರಿ. ಈಗ ನೀವು ಚಷ್ಮಾ ತೆಗೆದು ಬರೇ ಕಣ್ಣಿಲೆ ಏನು ನೋಡ್ತೀರಿ, ಅದು ಆಮ್ಯಾಲೆ ಆಗೂದಿಲ್ಲ."

"ಹ್ಞಾ, ಗೊತ್ತಾತು."

"ಹತ್ತರದ ಕೆಲಸ ಏನರ ಮಾಡ್ತೀರೇನು? ಓದೂದು, ಹೊಲಿಯೂದು?"

"ಎಂತೂ ಇಲ್ಲ. ನಂದು ದೊಡ್ಡ ಅಡಿಗೆ, ಸಾವಿರ ಜನರದ್ದು. ದೊಡ್ಡ ದೊಡ್ಡ ಪಾತ್ರೆ. ಅದನ್ನ ನೋಡ್ಲಿಕ್ಕೆ ಎಂತ ಕನ್ನಡಕ?"

"ಇನ್ನೊಂದ್ಸಲ ಸಮಾ ಕೇಳ್ಕಳಿ" ಎಂದು ಪರಿಮಳಾ ಬಾಯಿ ಹಾಕಿದಳು.

"ನೀ ಸುಮ್ನಿರೇ. ಪೇಪರ್ ಓದದು ಯಂಗೆಂತಕ್ಕೆ?"

ಪಾತ್ರೆ ದೊಡ್ಡದಾದರೆ ಅದರೊಳಗಿನದೆಲ್ಲವೂ ದೊಡ್ಡದೇ ಎಂದು ಅವನ ಲೆಕ್ಕ. ಪೇಪರು ಓದದ ಗಂಡನಿಗೆ ಇದರಿಂದ ಏನು ನಷ್ಟವೆಂದು ಆಗ ಅವಳಿಗೂ ಹೊಳೆಯಲಿಲ್ಲ.

ಲೇಸರ್ ಚೆನ್ನಾಗಿಯೇ ಆಯಿತು. ಮರುದಿನ ತಪಾಸಣೆ ಮುಗಿಸಿ ಬಸ್ಸು ಹತ್ತಿದ್ದೇ ತಡ, ಭಟ್ಟ ದಾರಿಯುದ್ದಕ್ಕೂ ಕಂಡಿದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿದ. ಕಿಲೋಮೀಟರ್ ಕಲ್ಲು, ಗೊಬ್ಬರದ ಜಾಹೀರಾತು, ಲಾರಿಯ ಹಿಂದಿನ ಬರಹ ಯಾವುದನ್ನೂ ಬಿಡಲಿಲ್ಲ. ಯಲ್ಲಾಪುರದಲ್ಲಿ ಇಳಿದು ಚಹಾ ಕುಡಿಯುವಾಗ ಎದುರು ಸಾಲಿನ ಅಂಗಡಿಗಳ ಹೆಸರನ್ನೂ ಓದಿ ಮುಗಿಸಿದ. ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಪರಿಮಳಾ ಸೆರಗು ಬಾಯಿಗೆ ಹಿಡಿದು ಕೂತಳು. ಮನೆಯಲ್ಲಿ ಮುಂದಿನ ಒಂದು ವಾರ ಕಣ್ಣಿಗೆ ಹನಿ ಬಿಡುವುದು, ಕಣ್ಣು ಉಜ್ಜಬೇಡಿ ಎನ್ನುವುದು, ಒಲೆಯ ಬುಡದಿಂದ ಎಬ್ಬಿಸುವುದು ಅವಳ ಪಾಲಿಗೇ ಬಂತು. ಹೆತ್ತ ಮಕ್ಕಳನ್ನು ಸಾಕುವಾಗಲೂ ಅವಳು ಇಷ್ಟು ಕೂಗಿರಲಿಲ್ಲ.

ಮಳೆಗಾಲ ಕಳೆದು ಮದುವೆ, ಉಪನಯನ ಶುರುವಾದವು. ಮೊದಲ ಊಟ ವಾನಳ್ಳಿಯಲ್ಲಿ. ಅಲ್ಲಿ ಲಾಡು ಉಂಡೆಯಾಗಲೇ ಇಲ್ಲ. ಪುಡಿಪುಡಿಯಾದದ್ದನ್ನು ಚಮಚದಲ್ಲಿ ಬಡಿಸಿದರು. "ಸಕ್ರೆ ಸರಿ ಇತ್ತಿಲ್ಲೆ" ಎಂದ ಭಟ್ಟ. ಮುಂದಿನದು ಶಿರಸಿಯಲ್ಲಿ. ಅಲ್ಲಿ ಲಾಡು ಎಷ್ಟು ಗಟ್ಟಿಯಾಯಿತೆಂದರೆ ಹಲ್ಲಿಲ್ಲದ ಅಜ್ಜನೊಬ್ಬ ಅದನ್ನು ಎಲೆಯಿಂದ ಎತ್ತಿ ಪಕ್ಕದವನಿಗೆ ಕೊಟ್ಟ, ಹಲ್ಲಿದ್ದ ಆ ಪಕ್ಕದವನೂ ಬೇಡವೆಂದ. "ಸೌದೆ ಹಸಿ ಇತ್ತು" ಎಂದ ಭಟ್ಟ. ಮೂರನೆಯವರು ಬಂದು ಊಟದ ಪಟ್ಟಿ ಹೇಳುವಾಗ ಮೆತ್ತಗೆ, "ಲಾಡು ಬ್ಯಾಡ ಭಟ್ರೇ, ಪಾಯಸ ಸಾಕು" ಎಂದು ಹೋದರು. ಅಂದು ಅವನು ಊಟ ಮಾಡಲಿಲ್ಲ. ಪರಿಮಳಾಗೆ ಮೊದಲ ಸಲ ಹೆದರಿಕೆಯಾಯಿತು.

ಸಂಜೆ ಮನೆಯ ಒಲೆಯ ಮೇಲೆ ಅವನು ಚೂರು ಪಾಕ ಇಟ್ಟುಕೊಂಡು ನೋಡುತ್ತಿದ್ದ. ಎರಡು ಬೆರಳಿಗೆ ಪಾಕ ಹಚ್ಚಿ, ಬಿಡಿಸಿ, ನಡುವೆ ಎಳೆ ಬಂತೇ ಎಂದು ಮೂಗಿನ ಹತ್ತಿರ ತಂದ. ಎಷ್ಟೋ ವರ್ಷದಿಂದ ಅವನು ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣಿನಿಂದ ಹೀಗೇ ಎಳೆ ನೋಡುತ್ತಿದ್ದುದು. ಈಗ ಕೈ ದೂರ ಒಯ್ದ, ಕುತ್ತಿಗೆ ಹಿಂದಕ್ಕೆ ಹಾಕಿದ, ಮತ್ತೆ ಹತ್ತಿರ ತಂದ. ಪರಿಮಳಾಗೆ ಡಾಕ್ಟರ ಮಾತು ಆ ಕ್ಷಣಕ್ಕೆ ಅರ್ಥವಾಯಿತು.

"ಎಳೆ ಕಾಣ್ತಿಲ್ಲೆ ಅಲ್ದಾ ನಿಂಗಕ್ಕೆ?"

"ಬೆರಳಿಗೇ ಗೊತ್ತಾಗ್ತು."

"ಗೊತ್ತಾಗಿದ್ರೆ ವಾನಳ್ಳಿಲಿ ಚಮಚ ಎಂತಕ್ಕೆ ಬೇಕಾತು?"

ಮರುದಿನ ಅವಳೇ ಶಿರಸಿ ಪೇಟೆಗೆ ಹೋಗಿ, ಹತ್ತಿರದ್ದು ನೋಡುವ ಸಿದ್ಧ ಕನ್ನಡಕ ತಂದಳು. ಭಟ್ಟ ಅದನ್ನು ಮುಟ್ಟಲಿಲ್ಲ. "ಕನ್ನಡಕ ತೆಗಸಲೆ ಅಷ್ಟು ಖರ್ಚು ಮಾಡಿ, ಮತ್ತೆ ಕನ್ನಡಕ ಹಾಕ್ಯಂಡ ಹೇಳಿ ಊರೆಲ್ಲ ನೆಗ್ಯಾಡ್ತು" ಎಂದ. ಲಾಡು ಕಂಡು ನಗುತ್ತಿರುವವರು ಇವನಿಗೆ ಲೆಕ್ಕಕ್ಕಿಲ್ಲ! ಪರಿಮಳಾ ಸಿಟ್ಟಿನಲ್ಲಿ ಎರಡು ದಿನ ಮಾತು ಬಿಟ್ಟಳು. ಅವನಿಗೆ ಅದೂ ಗೊತ್ತಾದಂತೆ ಕಾಣಲಿಲ್ಲ.

ಉಳಿದದ್ದು ಕಾನಸೂರಿನ ಉಪನಯನ. ಅದು ಪರಿಮಳಾಳ ತವರು. ಅವಳ ಅಣ್ಣ ಮಧುಕೇಶ್ವರ ದಾಕ್ಷಿಣ್ಯಕ್ಕೆ ಊಟದ ಪಟ್ಟಿಯಲ್ಲಿ ಲಾಡು ಇಟ್ಟುಕೊಂಡಿದ್ದ. ಇದೂ ಕೆಟ್ಟರೆ ಇನ್ನು ಯಾರೂ ಭಟ್ಟನನ್ನು ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಡಿಗೆ ಚಪ್ಪರಕ್ಕೆ ಹೆಂಗಸರು ಹೋಗುವ ರೂಢಿಯಿಲ್ಲ. ಆದರೂ ಅವಳು ಕನ್ನಡಕವನ್ನು ಸೆರಗಿನೊಳಗೆ ಹಿಡಿದು ಸೀದಾ ಒಳಗೆ ನಡೆದಳು.

ಪಾಕ ಕುದಿಯುತ್ತಿತ್ತು. ಭಟ್ಟನ ಬಲಗೈಯಲ್ಲಿ ಸೌಟು, ಎಡಗೈ ಬೆರಳ ತುದಿಯಲ್ಲಿ ಪಾಕ. ಬೆರಳು ಬಿಡಿಸಿ ಕೈಯನ್ನು ಹಿಂದೆ ಮುಂದೆ ಆಡಿಸುತ್ತಿದ್ದ. ಸಹಾಯದವರು ಅವನ ಮುಖವನ್ನೇ ನೋಡುತ್ತಿದ್ದರು. ಆ ಮುಖದಲ್ಲಿದ್ದ ದಿಗಿಲು ಕಂಡು ಪರಿಮಳಾಗೆ ಪಾಪ ಎನಿಸಿತು. ಮರುಕ್ಷಣ ಸಿಟ್ಟೂ ಬಂತು. ಅವಳು ಹೋದವಳೇ ಕನ್ನಡಕ ಬಿಡಿಸಿ ಅವನ ಮೂಗಿಗೆ ಏರಿಸಿಬಿಟ್ಟಳು.

"ಏ, ಎಂತದೇ ಇದು!" ಎಂದು ಅವನು ತಲೆ ಕೊಡವಿದ. ತೆಗೆಯಲು ಕೈ ಬಿಡುವಿರಲಿಲ್ಲ.

"ಬೆರಳು ನೋಡಿ!" ಎಂದು ಅವಳು ಗದರಿದಳು.

ಅವನು ನೋಡಿದ. ಬಿಡಿಸಿದ, ಕೂಡಿಸಿದ, ಮತ್ತೆ ಬಿಡಿಸಿದ. ಆಮೇಲೆ ಚಪ್ಪರ ಹಾರಿಹೋಗುವಂತೆ ಕೂಗಿದ: "ಇಳ್ಸಿ! ಎಳೆ ಬಂತು, ಇಳ್ಸಿ ಬೇಗ!"

ಎಲ್ಲರೂ ಕೊಪ್ಪರಿಗೆಗೆ ಮುಗಿಬಿದ್ದರು. ನಗಲು ಯಾರಿಗೂ ಪುರಸತ್ತಿರಲಿಲ್ಲ. ಬೂಂದಿ ಪಾಕಕ್ಕೆ ಬಿತ್ತು, ಮೊದಲ ಲಾಡು ಅಂಗೈಯಲ್ಲಿ ಗುಂಡಗೆ ನಿಂತಿತು. ಭಟ್ಟ ಅದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಕನ್ನಡಕ ಮೂಗಿನ ಮೇಲೆಯೇ ಇತ್ತು, ಕೈ ಬಿಡುವಾಗಿದ್ದರೂ ತೆಗೆಯಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿ, ತಪ್ಪೆಲ್ಲ ಅವಳದೇ ಎಂಬಂತೆ ಹುಬ್ಬು ಗಂಟಿಕ್ಕಿದ.

"ಇದ್ನ ಮೊದ್ಲೇ ಹೇಳಲೆ ಆಗ್ತಿತ್ತಿಲ್ಯನೇ ನಿಂಗೆ?"