ಅಪ್ಪನ ಕೈಯಳತೆ

ಅಪ್ಪನ ಪ್ರಕಾರ ಅವನ ಬೆರಳುಗಳಿಗೆ ಏನೂ ಆಗಿರಲಿಲ್ಲ, ರೈಫಲ್ಲಿನ ಲೀವರೇ ಕುಗ್ಗಿತ್ತು. ಜೀವಮಾನವೆಲ್ಲ ಕೋವಿ ರಿಪೇರಿ ಮಾಡಿದ ಮನುಷ್ಯ. ಉಕ್ಕು ಸವೆಯುತ್ತದೆಯೇ ಹೊರತು ಕುಗ್ಗುವುದಿಲ್ಲ ಎಂದು ತಿಳಿಯದವನೇನಲ್ಲ. ಗೆಣ್ಣುಗಳು ಊದಿವೆ ಎಂದು ಒಪ್ಪಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತೋ!

ಅಂಗಡಿಯ ಗೋಡೆಯ ಮೇಲಿದ್ದ ಹಳೆಯ ರೈಫಲ್ಲೆಂದರೆ ಅವನಿಗೆ ಪ್ರಾಣ. ಅದರ ಟ್ರಿಗರಿನ ಹಿಂದೆ ಉಕ್ಕಿನದೊಂದು ಕಿರಿದಾದ ಬಳೆ, ಅದೇ ಲೀವರು. ಅದರೊಳಗೆ ಮೂರು ಬೆರಳು ತೂರಿಸಿ ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಸುಟ್ಟ ತೋಟಾ ಹೊರಗೆ, ಹೊಸದು ಒಳಗೆ. ಈಗ ಅದರಲ್ಲಿ ಅವನ ಒಂದು ಬೆರಳೂ ಸಲೀಸಾಗಿ ಹೋಗುತ್ತಿರಲಿಲ್ಲ.

"ಒಂಚೂರು ದೊಡ್ಡದು ಮಾಡ್ಕೊಡೇ," ಅಂದ ಮಗಳಿಗೆ.

"ಕೈ ಕೊಡು, ಅಳತೆ ತಗೋತೀನಿ."

"ನನ್ನ ಕೈ ಯಾಕೆ? ನಾನೇನು ಬಳೆ ತೊಡಿಸ್ಕೊಳ್ಳೋಕೆ ಬಂದಿದೀನಾ?"

ಮಗಳು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಇಂಥ ಮಾತು ಅವಳಿಗೆ ಹೊಸದೇನೂ ಅಲ್ಲ. ಓದು ಬಿಟ್ಟಾಗಿನಿಂದ ಅಂಗಡಿಯ ಕೆಲಸವೆಲ್ಲ ಅವಳದೇ. ಆದರೂ ಗಿರಾಕಿಗಳು ಅರ ಹಿಡಿದು ಕೂತವಳ ತಲೆಯ ಮೇಲಿಂದ ಇಣುಕಿ "ಯಜಮಾನ್ರು ಇಲ್ವಾ?" ಅನ್ನುತ್ತಿದ್ದರು. ಯಜಮಾನರು ಅವಳ ಕೆಲಸವನ್ನು ತಮ್ಮದೆಂದೇ ತೋರಿಸುತ್ತಿದ್ದರು. ಎಲ್ಲವನ್ನೂ ಅವಳು ನುಂಗಿಕೊಂಡಿದ್ದು ಒಂದೇ ಆಸೆಗೆ. ಹಿಂದೊಮ್ಮೆ ಅಪ್ಪ ಆ ರೈಫಲ್ಲನ್ನು ನೋಡುತ್ತ, "ಇದು ಕೆಲಸ ಬಲ್ಲವರ ಕೈಗೇ ಹೋಗ್ಬೇಕು," ಅಂದಿದ್ದ. ಅಣ್ಣನೋ ಸೋಫಾ ಮಾರುವವನು, ಸ್ಕ್ರೂ ಯಾವ ಕಡೆಗೆ ತಿರುಗುತ್ತದೆಂದೂ ಗೊತ್ತಿಲ್ಲ. ಹಾಗಾದರೆ ಇನ್ಯಾರ ಕೈಗೆ?

ಅವಳು ತನ್ನ ಕೈಯನ್ನೇ ರಟ್ಟಿನ ಮೇಲಿಟ್ಟು ಗೆರೆ ಎಳೆದಳು. ಅಪ್ಪನದೇ ಕೈ ಅವಳದು, ಅದೇ ಉದ್ದನೆಯ ಅಂಗೈ, ಅದೇ ಸೊಟ್ಟ ಕಿರುಬೆರಳು. ಅಪ್ಪನ ಊತಕ್ಕೆಂದು ಆಮೇಲೆ ಇಷ್ಟು ಕೂಡಿಸಿದರಾಯಿತು ಅಂದುಕೊಂಡಳು. ಹಳೆಯ ಲೀವರನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಳು. ದಪ್ಪ ಉಕ್ಕಿನಲ್ಲಿ ಹೊಸದನ್ನು ಕೊಯ್ದಳು. ಎಲ್ಲಿ ತಾಗುತ್ತದೆಂದು ತಿಳಿಯಲು ಚಿಮಣಿಯ ಮಸಿ ಹಿಡಿಸಿ, ಕೂರಿಸಿ, ಆಡಿಸಿ, ಮಸಿ ಎಲ್ಲಿ ಉಜ್ಜಿಹೋಗಿದೆಯೋ ಅಲ್ಲಷ್ಟೇ ಅರ ಹಾಕಿದಳು. ಕೆಲಸದ ಚರ್ಮದ ಕೈಗವಸು ಈಚೆಗೆ ಬಿಗಿಯಾಗುತ್ತಿತ್ತು. ಒಗೆದು ಕುಗ್ಗಿರಬೇಕು ಎಂದು ಕಿತ್ತು ಮೂಲೆಗೆಸೆದು ಬರಿಗೈಯಲ್ಲೇ ಉಜ್ಜಿದಳು.

ಅಪ್ಪ ಖಾಲಿ ರೈಫಲ್ಲನ್ನು ಎತ್ತಿ ಬೆರಳು ತೂರಿಸಿದ. ಕಟಕ್, ಕಟಕ್. ಇನ್ನೊಮ್ಮೆ ಆಡಿಸಿದ. ಅವನ ಮುಖ ಅರಳಿತು.

"ಎಷ್ಟು ಸರಿಯಾಗಿ ಕೂತಿದೆ ನೋಡು! ಭಾನುವಾರ ನಿಮ್ಮಣ್ಣಂಗೆ ಬರೋಕೆ ಹೇಳು."

ರೈಫಲ್ಲು ನಿನಗೇ ಎಂದು ಅಣ್ಣನೆದುರಿಗೇ ಹೇಳಿಬಿಡುತ್ತಾನೆ ಎಂದುಕೊಂಡು ಆ ಪೆದ್ದಿ ಅಂಗಡಿಯನ್ನೆಲ್ಲ ಗುಡಿಸಿ ಒರೆಸಿಟ್ಟಳು.

ಅಣ್ಣ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಬಂದ. ಅಪ್ಪ ರೈಫಲ್ಲಿಳಿಸಿ, ಖಾಲಿಯಿದೆಯೇ ಎಂದು ನೋಡಿ, ಅವನೆದುರು ಆಡಿಸಿ ತೋರಿಸಿದ. "ಹೀಗೆ. ನೋಡ್ಕೊಂಡ್ಯಾ? ಒಂದ್ಸಲ ನಾನೇ ತೋರಿಸಿ ಕೊಡ್ಬೇಕು ಅಂತಿತ್ತು. ತಗೋ, ಇನ್ಮೇಲೆ ನಿಂದು."

ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು.

ಅಣ್ಣ ತಿರುಗಿಸಿ ನೋಡಿ ಮೂಗು ಮುರಿದ. "ಇದೇನಪ್ಪ, ಬಕೆಟ್ ಹಿಡಿ ಇದ್ದಂಗಿದೆ! ಹಾಲ್‌ನಲ್ಲಿ ತೂಗುಹಾಕಿದ್ರೆ ನೋಡಿದೋರು ನಗ್ತಾರೆ. ಹಳೇದಿಲ್ವಾ?"

"ಇದ್ಯಲ್ಲ. ನಿಂತ ಕಾಲಲ್ಲೇ ಹಾಕ್ಕೊಡ್ತಾಳೆ. ಹಾಕ್ಕೊಡಮ್ಮ."

"ಅಪ್ಪ," ಅಂದಳು. "ಕೆಲಸ ಬಲ್ಲವರ ಕೈಗೆ ಅಂದಿದ್ದೆ ನೀನು."

ಅಪ್ಪನಿಗೆ ನಿಜಕ್ಕೂ ನೆನಪಿರಲಿಲ್ಲ. "ಯಾವಾಗ? ನಿಂಗ್ಯಾಕೆ ಅದು? ನಿಂಗೆ ಕೆಲಸ ಕಲಿಸಿಲ್ವಾ?"

ಅವಳು ರೈಫಲ್ಲನ್ನು ಮೇಜಿನ ಮೇಲಿಟ್ಟು ಸ್ಕ್ರೂ ಬಿಚ್ಚಿದಳು. ಹಳೆಯ ಲೀವರನ್ನು ಅದರ ಜಾಗಕ್ಕೆ ಕೂರಿಸಿದಳು. ಸ್ಕ್ರೂ ಸಡಿಲ ಬಿಟ್ಟರೆ ನಾಲ್ಕು ದಿನದಲ್ಲಿ ಲೀವರು ಜೋತುಬೀಳುತ್ತದೆ. ಹಾಗೇ ಬಿಡಬೇಕೆನಿಸಿತು, ಆದರೆ ಕೆಟ್ಟ ಕೆಲಸ ಮಾಡಲು ಹಾಳು ಕೈ ಒಪ್ಪಲಿಲ್ಲ. ಬಿಗಿಯಾಗಿ ತಿರುಗಿಸಿ, ಎಣ್ಣೆ ಒರೆಸಿ ಕೊಟ್ಟಳು. ಅಪ್ಪ ಮಗ ಮಾತಾಡಿಕೊಳ್ಳುತ್ತ ಕಾರಿನ ತನಕ ಹೋದರು.

ಹೊಸ ಲೀವರು ಮೇಜಿನ ಮೇಲೆ ಉಳಿದಿತ್ತು. ಸುಮ್ಮನೆ ಬೆರಳು ತೂರಿಸಿದಳು. ಗೆಣ್ಣುಗಳು ಉಕ್ಕಿಗೆ ಒತ್ತಿಕೊಂಡು ಸರಿಯಾಗಿ ಕೂತವು, ಅಪ್ಪನಿಗೆ ಕೂತ ಹಾಗೆಯೇ. ಆಗ ನೆನಪಾಯಿತು: ಊತಕ್ಕೆಂದು ಕೂಡಿಸಬೇಕಾದ್ದನ್ನು ಅವಳು ಕೂಡಿಸಿಯೇ ಇರಲಿಲ್ಲ, ಮರೆತಿದ್ದಳು. ರಟ್ಟಿನ ಮೇಲಿದ್ದ ಗೆರೆ ಅವಳ ಬರಿಗೈಯದೇ. ಗೆಣ್ಣುಗಳನ್ನು ಒತ್ತಿ ನೋಡಿಕೊಂಡಳು. ನೋಯುತ್ತಿದ್ದವು. ಕೈಗವಸು ಕುಗ್ಗಿರಲಿಲ್ಲ.

ಅಪ್ಪ ಒಳಗೆ ಬಂದು ಖಾಲಿ ಗೋಡೆಯನ್ನು ನೋಡಿದ. "ಆ ಲೀವರನ್ನ ಗುಜರಿಗೆ ಹಾಕ್ಬಿಡು. ಯಾರ ಕೈಗೂ ಆಗಲ್ಲ."

"ಇರ್ಲಿ ಬಿಡು," ಅಂದಳು. "ಅಣ್ಣಂಗೆ ಕೊಡೋದು ಕೊಟ್ಯಲ್ಲ. ನನ್ನ ಪಾಲಿಂದು ನಂಗೆ ಬಂದಿದೆ."